ಬಿಸಿಲೂರಿನಲ್ಲಿ ಕೂತು ಮಲೆನಾಡಿಗೆ ಹೋಗುವ ದಿನ

ಏಪ್ರಿಲ್ ಕಳೆಯುವ ಹೊತ್ತಿಗೆ ಬಳ್ಳಾರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಓಣಿಗಳು ಖಾಲಿ. 40 ಡಿಗ್ರಿ ದಾಟಿದ ದಿನ ಕೆಲಸವಿದ್ದವರೂ ಸಂಜೆ ಐದರ ತನಕ ಹೊರಗೆ ಕಾಲಿಡಲು ಹಿಂದೆಮುಂದೆ ನೋಡುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ಕಂಡಿಲ್ಲ. ಬೇಸಿಗೆಯ ಒಂದು ರಜಾದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಈ ಪುಸ್ತಕಕ್ಕೆ ಕೊಟ್ಟರೆ ಏನೇನು ಎದುರಾಗುತ್ತದೆ, ಓದು ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಸಮಯದ ಲೆಕ್ಕ. ಮಾತುಕತೆ ಇರುವಲ್ಲಿ ಓದು ಓಡುತ್ತದೆ, ಕಾಡು ಬಂದಲ್ಲಿ ನಿಧಾನವಾಗುತ್ತದೆ. ಗಂಟೆಗೆ 25ರಿಂದ 30 ಪುಟ ಎಂದಿಟ್ಟುಕೊಳ್ಳಿ. ಊಟ, ವಿಶ್ರಾಂತಿ ಕಳೆದು ಏಳೆಂಟು ಗಂಟೆ ಕೂತರೆ 200 ಪುಟ ಆದೀತು. ಪುಸ್ತಕ ಅದಕ್ಕಿಂತ ತುಂಬ ದೊಡ್ಡದು, ಹಾಗಾಗಿ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಆದರೆ ಆ ಮೊದಲ 200 ಪುಟಗಳನ್ನು ಮಾತ್ರ ಒಂದೇ ದಿನ ಓದಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕುವೆಂಪು ಒಂದು ಮನೆಯ ಕಥೆಯನ್ನು ನಡುವೆ ಬಿಟ್ಟು ಇನ್ನೊಂದು ಮನೆಗೆ ಹೋಗುತ್ತಾರೆ, ಅಲ್ಲಿಂದ ಮತ್ತೊಂದು ಊರಿಗೆ. ಮಲಗುವ ಮುಂಚೆ ಹತ್ತು ಪುಟ ಓದುವವರಿಗೆ ಬಿಟ್ಟ ಎಳೆ ಮರಳಿ ಸಿಗುವಷ್ಟರಲ್ಲಿ ವಾರ ಕಳೆದಿರುತ್ತದೆ, ಯಾರ ಮಗಳು ಯಾರು ಎಂಬುದೇ ಮರೆತಿರುತ್ತದೆ. ಅರವತ್ತು ಪುಟಕ್ಕೆ ಕೈಬಿಡುವುದು ಹೀಗೆ. ಮೊದಲ ದಿನ ಮನೆಗಳ ಪರಿಚಯವಾಗಿಬಿಟ್ಟರೆ ಮುಂದೆ ದಿನಕ್ಕೆ 40 ಪುಟದಂತೆ ಹೋದರೂ ದಾರಿ ತಪ್ಪುವುದಿಲ್ಲ.

ಪುಸ್ತಕ ಗ್ರಂಥಾಲಯದಿಂದ ತರುವುದಾದರೆ ಅಲ್ಲೇ ನಿಂತು ಪುಟಸಂಖ್ಯೆ ನೋಡಿ. ದಪ್ಪ ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟಗಳ ಕಂತೆಗಳಾಗಿ ಮಡಚಿ ಬೈಂಡ್ ಮಾಡಿರುತ್ತಾರೆ. ಹೊಲಿಗೆ ಸಡಿಲವಾದರೆ ಒಂದೆರಡು ಹಾಳೆಯ ಬದಲು ಇಡೀ ಕಂತೆಯೇ ಕಳಚಿ ಹೋಗಿರುತ್ತದೆ. ಹೊಸ ಪ್ರತಿ ಕೊಂಡಿದ್ದರೆ ಅದನ್ನು ನಡುವಿಗೆ ತೆರೆದು ಒತ್ತಬೇಡಿ. ಬೆನ್ನು ಮೇಜಿಗೆ ತಾಗುವಂತೆ ನೇರ ನಿಲ್ಲಿಸಿ, ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಹತ್ತಿಪ್ಪತ್ತು ಹಾಳೆ, ಹೀಗೆ ಸರದಿಯಂತೆ ಬಿಡಿಸುತ್ತ ಹೆಬ್ಬೆರಳಿನಿಂದ ಬೆನ್ನಿನ ಹತ್ತಿರ ಮೆಲ್ಲಗೆ ಸವರಿ. ನಮ್ಮ ಒಣ ಸೆಖೆಗೆ ಬೆನ್ನಿನ ಗೋಂದು ಗಡುಸಾಗಿ ಬಿರಿಯುತ್ತದೆ, ಅದರಲ್ಲೂ ಪಶ್ಚಿಮದ ಕಿಟಕಿಯ ಮೇಲೆ ಇಟ್ಟ ಪುಸ್ತಕಕ್ಕೆ ಎರಡು ಬೇಸಿಗೆ ಸಾಕು. ಹಾಳೆ ಕಿತ್ತು ಬಂದರೆ ಅಂಚಿಗೆ ಒಂದೆರಡು ಮಿ.ಮೀ. ಅಗಲ ಫೆವಿಕಾಲ್ ತೆಳ್ಳಗೆ ಸವರಿ ರಾತ್ರಿಯಿಡೀ ಭಾರ ಹೇರಿಡಿ. ಸೆಲ್ಲೊಟೇಪ್ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ ಅಕ್ಷರದ ಮೇಲೆ ಕಲೆ ಉಳಿಸುತ್ತದೆ.

ತಲೆಯ ಮೇಲೆ ಫ್ಯಾನ್ ಇಲ್ಲದೆ ಇಲ್ಲಿ ಓದಲಾಗದು, ಫ್ಯಾನ್ ಇದ್ದರೆ ಹಾಳೆ ನಿಲ್ಲದು. ತೊಡೆಯ ಮೇಲೆ ದಿಂಬು, ಅದರ ಮೇಲೆ ಪುಸ್ತಕ, ಎಡಪುಟಕ್ಕೆ ಅಡ್ಡಲಾಗಿ ಮರದ ಸ್ಕೇಲು ಇಟ್ಟುಕೊಂಡರೆ ಎರಡೂ ಸಮಸ್ಯೆ ತೀರುತ್ತವೆ, ಹೆಬ್ಬೆರಳೂ ನೋಯುವುದಿಲ್ಲ. ಬೆವರಿನ ಕೈಗೆ ಹತ್ತಿಯ ಟವೆಲ್ ಪಕ್ಕದಲ್ಲಿರಲಿ. ನೀರಿನ ಲೋಟವನ್ನು ಪುಸ್ತಕದ ಮಟ್ಟಕ್ಕಿಂತ ಕೆಳಗೆ, ನೆಲದ ಮೇಲಿಡಿ.

ಇನ್ನು ಕಥೆಯೊಳಗೆ. ಪುಸ್ತಕದ ಬಾಗಿಲಲ್ಲೇ ಕುವೆಂಪು ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಹೇಳಿಬಿಟ್ಟಿದ್ದಾರೆ. ಅದನ್ನು ಅಲಂಕಾರದ ಮಾತೆಂದು ದಾಟಿ ಹೋಗುವವರು ಮುಂದೆ ನಾಯಕನನ್ನು ಹುಡುಕುತ್ತ ಕಂಗಾಲಾಗುತ್ತಾರೆ. ಕಾದಂಬರಿ ತೆರೆಯುವುದು ಸಿಂಬಾವಿಯ ಜೀತದಾಳು ನಾಯಿಗುತ್ತಿ ಮತ್ತು ‘ಹುಲಿಯ’ ಎಂಬ ಅವನ ನಾಯಿ ಇಬ್ಬರ ನಡಿಗೆಯಿಂದ. ಗುತ್ತಿ ಎಲ್ಲೆಲ್ಲಿ ಹಾಯುತ್ತಾನೋ ಅಲ್ಲಲ್ಲಿ ಒಂದೊಂದು ಮನೆ, ಒಂದೊಂದು ಕೇರಿ ತೆರೆದುಕೊಳ್ಳುತ್ತದೆ. ಆದ್ದರಿಂದ ಪಾತ್ರಗಳ ಪಟ್ಟಿ ಬರೆದುಕೊಳ್ಳುವುದಕ್ಕಿಂತ ಸ್ಥಳಗಳ ನಕ್ಷೆ ಬರೆದುಕೊಳ್ಳುವುದು ಮೇಲು. ಒಂದು ಹಾಳೆಯಲ್ಲಿ ತುಂಗಾ ನದಿಯ ಗೆರೆ, ಅದರ ದಡದಲ್ಲಿ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ. ಇವು ಇಂದಿಗೂ ಇರುವ ಊರುಗಳು. ಅವುಗಳ ಸುತ್ತ ಕಥೆಯ ಮನೆಗಳನ್ನು ಬರುವ ಕ್ರಮದಲ್ಲೇ ಗುರುತಿಸುತ್ತ ಹೋಗಿ, ಪ್ರತಿ ಮನೆಯ ಕೆಳಗೆ ಅಲ್ಲಿಯವರ ಹೆಸರು: ಸಿಂಬಾವಿಗೆ ಭರಮೈಹೆಗ್ಗಡೆ ಮತ್ತು ಗುತ್ತಿ, ಹೂವಳ್ಳಿಗೆ ವೆಂಕಟಣ್ಣ ಮತ್ತು ಚಿನ್ನಮ್ಮ, ಕೋಣೂರಿಗೆ ಮುಕುಂದಯ್ಯ, ಐತ, ಪೀಂಚಲು, ಬೆಟ್ಟಳ್ಳಿಗೆ ದೇವಯ್ಯ, ಅಲ್ಲಿನ ಕೇರಿಗೆ ತಿಮ್ಮಿ. ಯಾರು ಯಾವ ಮನೆಯಿಂದ ಯಾವ ಮನೆಗೆ ಓಡಿದರು ಎಂದು ಬಾಣದ ಗುರುತು ಹಾಕಿದರೆ ಅರ್ಧ ಕಾದಂಬರಿ ಆ ಹಾಳೆಯ ಮೇಲೆ ಕೂತಿರುತ್ತದೆ.

ಕಾಲವೂ ತಿಳಿದಿರಬೇಕು. 1893ರಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಮಾಡಿದ ಭಾಷಣದ ಸುದ್ದಿ ಈ ಕಾಡಿನ ಮೂಲೆಗೆ ತಲುಪುವ ಸನ್ನಿವೇಶ ಕಾದಂಬರಿಯಲ್ಲಿದೆ. ಅದನ್ನು ಗೂಟವಾಗಿ ಹಿಡಿದರೆ ಉಳಿದದ್ದು ಜಾಗಕ್ಕೆ ಬರುತ್ತದೆ. ಬಸ್ಸಿಲ್ಲ, ಸುದ್ದಿ ಕಾಲ್ನಡಿಗೆಯಲ್ಲೇ ಬರಬೇಕು, ಒಂದು ಚೀಟಿ ತಡವಾದರೆ ಒಂದು ಮದುವೆ ತಲೆಕೆಳಗಾದೀತು.

ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಗೆ ನಿಜವಾಗಿ ಕಷ್ಟವಾಗುವುದು ಮಳೆ. ನಮ್ಮಲ್ಲಿ ವರ್ಷವಿಡೀ ಬೀಳುವುದು 500–600 ಮಿ.ಮೀ. ಆಸುಪಾಸು, ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ನಮಗೆ ಮಳೆಯೆಂದರೆ ಕಾಯುವ ವಸ್ತು, ಬಂದರೆ ಹಬ್ಬ. ಅಲ್ಲಿ ಅದು ಹಳ್ಳ ತುಂಬಿಸಿ ದಾರಿ ಕಡಿಯುತ್ತದೆ, ಹೆಜ್ಜೆ ಸದ್ದು ಮುಚ್ಚುತ್ತದೆ, ಓಡಿಹೋಗುವವರಿಗೆ ಮರೆಯಾಗುತ್ತದೆ, ಕಾಲಿಗೆ ಇಂಬಳ (ಕಾಡಿನ ಜಿಗಣೆ) ಹತ್ತಿಸುತ್ತದೆ. ಚಿನ್ನಮ್ಮ ಕತ್ತಲಲ್ಲಿ ಮನೆ ಬಿಟ್ಟು ಹೊರಡುವ ಭಾಗ ಬಂದಾಗ ಇದು ನೆನಪಿರಲಿ. ಅಲ್ಲಿನ ಕಾಡು, ನೀರು, ಕತ್ತಲೆಯ ಸಾಲುಗಳನ್ನು ಕಥೆ ಮುಂದಕ್ಕೆ ಹೋಗಲೆಂದು ಹಾರಿಸಿದರೆ ಆಕೆಯ ಧೈರ್ಯ ಎಷ್ಟು ದೊಡ್ಡದೆಂಬುದು ಕೈತಪ್ಪುತ್ತದೆ. ಕುವೆಂಪು ಅದನ್ನು ಅವಳ ಬಾಯಲ್ಲಿ ಹೇಳಿಸುವುದಿಲ್ಲ, ದಾರಿಯಲ್ಲಿ ತೋರಿಸುತ್ತಾರೆ. ಅವರು ನನಗೆ ಅಷ್ಟು ಇಷ್ಟವಾಗುವುದು ಇಂಥ ಕಡೆಗಳಲ್ಲೇ. ಜೀತದ ಹುಡುಗಿಗೂ ಹೆಗ್ಗಡೆಯ ಮಗಳಿಗೂ ನಾಯಿಗೂ ಒಂದೇ ಗಮನ ಕೊಡುವ ಕಣ್ಣು ಅದು.

ಮಧ್ಯಾಹ್ನ ಎರಡರಿಂದ ನಾಲ್ಕು ಅಪಾಯದ ಹೊತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಕೂತರೆ ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಪುಟ ಮಗುಚಿದ ಮೇಲೆ ಈಗ ಮಾತಾಡುತ್ತಿರುವವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಪುಸ್ತಕ ಮುಚ್ಚಿ ಅರ್ಧ ಗಂಟೆ ಮಲಗಿ, ಎದ್ದು ಕೊನೆಯದಾಗಿ ಚೆನ್ನಾಗಿ ನೆನಪಿರುವ ಘಟನೆಯಿಂದ ಮತ್ತೆ ಹೊರಡಿ. ಮಂಪರಲ್ಲಿ ಓದಿದ ಇಪ್ಪತ್ತು ಪುಟ ಓದದ ಪುಟಗಳಿಗಿಂತ ಕೆಟ್ಟವು, ಯಾಕೆಂದರೆ ಓದಿದ್ದೇವೆಂಬ ಭ್ರಮೆ ಉಳಿದು ಮುಂದಿನದೆಲ್ಲ ಗೋಜಲಾಗುತ್ತದೆ. ನಿದ್ದೆ ಬಿಡಿಸಲು ಇನ್ನೊಂದು ಉಪಾಯ, ಆಳುಗಳ ಸಂಭಾಷಣೆಯನ್ನು ಬಾಯಿಬಿಟ್ಟು ಓದುವುದು. ನಮ್ಮ ಕಡೆಯ ಮಾತಿಗೆ ಒಗ್ಗಿದ ಕಿವಿಗೆ ಆ ಆಡುನುಡಿ ಕಣ್ಣಿನಲ್ಲಿ ತೊಡಕು, ಬಾಯಲ್ಲಿ ಸಲೀಸು. ಐತ, ಪೀಂಚಲು ಇಬ್ಬರ ಸರಸದ ಮಾತುಗಳನ್ನು ಮನೆಯವರಿಗೆ ಕೇಳುವಂತೆ ಓದಿದರೆ ಪಕ್ಕದಲ್ಲಿ ಒಬ್ಬಿಬ್ಬರು ಬಂದು ಕೂರುವುದೂ ಉಂಟು.

ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಲು ಹೊರಗೆ ಹೋಗಿ, ಬೆನ್ನು ನೆಟ್ಟಗಾಗುತ್ತದೆ. ಎಣ್ಣೆ ಕೈಯಲ್ಲಿ ಮಾತ್ರ ಪುಸ್ತಕ ಮುಟ್ಟಬೇಡಿ. ದೀಪ ಹಾಕಿದ ಮೇಲೆ ಇನ್ನೊಂದೆರಡು ಗಂಟೆ ಸಿಗುತ್ತದೆ. ನಿಲ್ಲಿಸುವಾಗ ಅಧ್ಯಾಯದ ಕೊನೆಗೆ ನಿಲ್ಲಿಸದೆ ಮುಂದಿನ ಅಧ್ಯಾಯದ ಎರಡು ಪುಟ ಓದಿ ನಿಲ್ಲಿಸಿ. ಮರುದಿನ ಯಾವ ಮನೆಯಲ್ಲಿ ಕಣ್ಣು ತೆರೆಯಬೇಕೆಂದು ತಿಳಿದಿರುತ್ತದೆ.

ಕೊನೆಯ 50 ಪುಟಗಳನ್ನು ರಾತ್ರಿಯ ದಣಿವಿನಲ್ಲಿ ಓದಬೇಡಿ, ಬೆಳಗಿನ ಹೊತ್ತಿಗೆ ಉಳಿಸಿಕೊಳ್ಳಿ. ತುಂಬಿ ಹರಿಯುವ ತುಂಗೆಯ ದಡದಲ್ಲಿ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟೆಗೆ ಬರುತ್ತದೆ, ಎಡದಂಡೆಯ ಕಾಲುವೆಯಿಂದ ಕೊಪ್ಪಳ, ರಾಯಚೂರಿನ ಗದ್ದೆಗೂ ಬಲದ ಕಾಲುವೆಗಳಿಂದ ಬಳ್ಳಾರಿ, ಸಿರುಗುಪ್ಪದ ಗದ್ದೆಗೂ ಹಾಯುತ್ತದೆ. ಇದನ್ನು ತಿಳಿದು ಓದುವವರಿಗೆ ಆ ಪುಟಗಳು ದೂರದ ನಾಡಿನವೆಂದು ಅನಿಸುವುದಿಲ್ಲ.

‘ಕಾನೂರು ಹೆಗ್ಗಡಿತಿ’ಯನ್ನು ಮೊದಲು ಓದಿರಬೇಕೇ ಎಂದು ಕೇಳುವವರಿದ್ದಾರೆ. ಬೇಕಿಲ್ಲ. ಅದು 1936ರದ್ದು, ಇದು 1967ರದ್ದು, ನಡುವೆ 31 ವರ್ಷ. ಕುವೆಂಪು ಬರೆದ ಕಾದಂಬರಿಗಳು ಇವೆರಡೇ, ಆದ್ದರಿಂದ ಎರಡನ್ನೂ ಒಂದೇ ಬೇಸಿಗೆಯಲ್ಲಿ ಖರ್ಚು ಮಾಡಬೇಡಿ. ಕಾನೂರಿನಲ್ಲಿ ಕಥಾನಾಯಕ ಹೂವಯ್ಯನ ಜೊತೆ ನಡೆದರೆ ಸಾಕು, ನಕ್ಷೆ ಬೇಕಾಗುವುದಿಲ್ಲ. ಮುಂದಿನ ವರ್ಷದ ಮೇ ತಿಂಗಳಿಗೆ ಅದನ್ನು ಎತ್ತಿಡಿ.