ಏಳನೇ ಹೆಜ್ಜೆಯ ಡೈನೋಸಾರ್

ಬೇಸಿಗೆ ರಜೆಗೆ ಅಕ್ಕನ ಮಗಳು ದಾವಣಗೆರೆಯಿಂದ ಬಂದಿದ್ದಳು. ಎಂಟು ವರ್ಷ. ಕೈಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಡೈನೋಸಾರ್. ನಮ್ಮ ಚಿತ್ರದುರ್ಗದ ಕೋಟೆ ಹತ್ತುವಾಗ ಬಂಡೆ ಸಂದಿಯಲ್ಲೆಲ್ಲಾ ಇಣುಕಿದಳು.

"ಮಾಮ, ಇಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ?"

ಹೂಂ ಅಂದಿದ್ದರೆ ಖುಷಿಪಡುತ್ತಿದ್ದಳು. ಆದರೆ ಸುಳ್ಳು ಹೇಳಿ ಆಸಕ್ತಿ ಹುಟ್ಟಿಸೋದು ನನಗೆ ಇಷ್ಟವಿಲ್ಲ. "ಇಲ್ಲ ಪುಟ್ಟಿ. ಗುಜರಾತಿನ ರೈಯೋಲಿಯಲ್ಲಿ ಮೂಳೆ, ಮೊಟ್ಟೆ ಎಲ್ಲಾ ಸಿಕ್ಕಿವೆ. ನಮ್ಮ ದುರ್ಗದ ಕಲ್ಲು ಡೈನೋಸಾರ್‌ಗಿಂತ ತುಂಬಾ ಹಳೇವು" ಎಂದೆ. ಮುಖ ಬಾಡಿತು. ಅಜ್ಜಿಯ ಟ್ರಂಕೂ ಹಳೇದು, ಡೈನೋಸಾರೂ ಹಳೇದು. ಮಕ್ಕಳಿಗೆ ಅಷ್ಟೇ ಅಲ್ವಾ?

ಮರುದಿನ ಬೆಳಿಗ್ಗೆಯೇ ಹಿರಿಯೂರು ಕಡೆಯ ಮರಡಿಹಳ್ಳಿಗೆ ಕರೆದುಕೊಂಡು ಹೋದೆ. ಗಾಡಿ ದೂರದಲ್ಲೇ ನಿಲ್ಲಿಸಿದೆ. "ಒಂದು ಹೆಜ್ಜೆ ಅಂದ್ರೆ ಒಂದು ಕೋಟಿ ವರ್ಷ. ಹಿಂದಕ್ಕೆ ಹೋಗೋಣ, ಎಣಿಸು."

ಆರು ದಾಟಿ ಏಳನೇ ಹೆಜ್ಜೆ ಇಟ್ಟಾಗ ನಿಲ್ಲಿಸಿದೆ. "ಡೈನೋಸಾರ್‌ಗಳು ಅಳಿದಿದ್ದು ಇಲ್ಲಿ." ಆಟಿಕೆಯನ್ನು ಅಲ್ಲೇ ಇಟ್ಟಳು. ಇಪ್ಪತ್ತಮೂರರಲ್ಲಿ ಅವು ಹುಟ್ಟಿದ್ದು. ಅಲ್ಲಿ ತಲೆಯ ಕ್ಲಿಪ್ ತೆಗೆದಿಟ್ಟಳು. ನೂರಕ್ಕೆ ಬರುವಾಗ "ಇನ್ನೂ ಇದೆಯಾ ಮಾಮ?" ಎಂದಳು. ಇನ್ನೂ ನೂರೈವತ್ತು ಇತ್ತು. 250 ಮುಗಿದಾಗ ತಿರುಗಿ ನೋಡಿದಳು. ಆಟಿಕೆ ಕಾಣಲೇ ಇಲ್ಲ.

ಮುಂದೆ ಬಂಡೆ. ಹಸಿರು ಛಾಯೆಯ ಕಪ್ಪು ಕಲ್ಲು, ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿ ಲಾವಾ ಉಕ್ಕಿದಾಗ ತಣ್ಣೀರು ತಾಗಿ ಹೊರಗೆ ಸಿಪ್ಪೆ ಕಟ್ಟಿತು. ಒಳಗಿನ ಬಿಸಿ ಲಾವಾ ಆ ಸಿಪ್ಪೆ ಬಿರಿದು ಆಚೆ ಉಬ್ಬಿತು, ಅದಕ್ಕೂ ಸಿಪ್ಪೆ ಬಂತು. ಹಾಗೆ ಸಾಲು ಸಾಲು ದಿಂಬು. ಅವಳು ಒಂದು ದಿಂಬಿನ ಅಂಚಿನ ಮೇಲೆ ಸುತ್ತಲೂ ಬೆರಳು ಎಳೆದಳು.

"ಅಂದ್ರೆ ಇಲ್ಲಿ ಸಮುದ್ರ ಇತ್ತಾ?"

ಮಳೆಗೆ ಮೋಡ ನೋಡುತ್ತಾ ಕೂರುವ ನಮ್ಮ ಊರಲ್ಲಿ ಸಮುದ್ರ! ಹೇಳುವಾಗ ನನಗೇ ಮೈ ಜುಮ್ಮೆಂದಿತು.

ಒಂದು ಚೂರು ಮನೆಗೆ ಬೇಕು ಅಂತ ಹಟ ಮಾಡಿದಳು. ಒಪ್ಪಲಿಲ್ಲ. ಎಲ್ಲರೂ ಒಂದೊಂದು ಚೂರು ಒಯ್ದರೆ ಮುಂದಿನ ಮಕ್ಕಳಿಗೆ ಏನು ಉಳಿಯುತ್ತೆ?

"ಪಳೆಯುಳಿಕೆ ಒಂದೂ ಇಲ್ವಾ ಹಾಗಾದ್ರೆ?" ಇದೆ. ಮಾರಿಕಣಿವೆ, ಭೀಮಸಮುದ್ರದ ಕಡೆಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಕ್ಕಿವೆ. ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು ಅವು. ಮೂಳೆ ಅನ್ನೋದೇ ಇಲ್ಲದ ಕಾಲದವು.

ವಾಪಸ್ ಬರುವಾಗ ಹೆಜ್ಜೆಗಳನ್ನು ಇಳಿಕೆಯಲ್ಲಿ ಎಣಿಸಿದಳು. ಕ್ಲಿಪ್ ಸಿಕ್ಕಿತು. ಆಟಿಕೆ ಎತ್ತಿ ಮಣ್ಣು ಒರೆಸಿ ಅದಕ್ಕೆ ಹೇಳಿದಳು: "ನೀನು ಮೊನ್ನೆ ಮೊನ್ನೆ ಬಂದಿದ್ದು ಕಣೋ."