ಯಾವ ಮೇಳದ ಆಟ?

ಬ್ಯಾಂಕಿನ ವರ್ಗಾವಣೆಯಲ್ಲಿ ಕುಂಬಳೆಗೆ ಹೊರಟಾಗ, ಕೇರಳವಲ್ಲವೇ ಎಂದು ಚಿತ್ರದುರ್ಗದಲ್ಲೇ ಒಂದು ಮಲಯಾಳಂ ಕಲಿಕೆಯ ಪುಸ್ತಕ ಕೊಂಡಿದ್ದೆ. ಎರಡು ವರ್ಷವಾದರೂ ಹತ್ತನೆಯ ಪುಟ ದಾಟಿರಲಿಲ್ಲ. ನಮ್ಮ ಮನೆಯ ಮಾಲೀಕರು ಕನ್ನಡ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಮನೆಯೊಳಗೆ ತುಳು, ಮೀನಿನವನೊಡನೆ ಮಲಯಾಳಂ, ನನ್ನೊಡನೆ ನನಗಿಂತ ಶುದ್ಧವಾದ ಕನ್ನಡ. ಪುಸ್ತಕದ ಅಗತ್ಯವೇ ಬೀಳಲಿಲ್ಲ.

2024ರ ಅಕ್ಟೋಬರ್ 8ರಂದು ದೆಹಲಿಯ ವಿಜ್ಞಾನ ಭವನದಲ್ಲಿ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ರಾಷ್ಟ್ರಪತಿಯವರು ಪ್ರದಾನ ಮಾಡಿದರು. ಆ ರಾತ್ರಿ ಊಟ ಮುಗಿಸಿ ಮಾಷ್ಟ್ರ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ನೋಡಿದೆವು. ಪಕ್ಕದ ಮನೆಯ ನರ್ಸ್ ಅಕ್ಕನೂ ಬಂದಿದ್ದರು, ಅವರು ಪಯ್ಯನ್ನೂರಿನವರು.

ಊರಿನಲ್ಲಿದ್ದರೆ ಕನ್ನಡದ ಹೆಸರು ಬಂದಾಗ ಮಾತ್ರ ಕತ್ತೆತ್ತಿ, ಉಳಿದ ಹೊತ್ತು ಮೊಬೈಲ್ ನೋಡುತ್ತಿದ್ದೆ. ಇಲ್ಲಿ ಆ ಸೌಕರ್ಯವಿಲ್ಲ. ಒಂದೊಂದು ಭಾಷೆಗೂ ಪಕ್ಕದಲ್ಲೇ ಯಾರೋ ಒಬ್ಬ ವಾರಸುದಾರರು ಇರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರ ಮನೆಮಾತು ಬ್ಯಾರಿ. ಆ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ಗೆ 59ನೇ ಪ್ರಶಸ್ತಿಗಳಲ್ಲಿ ಮರಾಠಿಯ ‘ದೇವೂಳ್’ ಜೊತೆಗೆ ಸ್ವರ್ಣ ಕಮಲ ಬಂದಿತ್ತು. ನಾನೋ ಆ ಭಾಷೆಯ ಹೆಸರು ಕೇಳಿದ್ದೇ ಇಲ್ಲಿಗೆ ಬಂದ ಮೇಲೆ.

ಅತ್ಯುತ್ತಮ ಕನ್ನಡ ಚಿತ್ರವೆಂದು ‘ಕೆಜಿಎಫ್: ಚಾಪ್ಟರ್ 2’ಕ್ಕೆ ರಜತ ಕಮಲ. “ಚಿನ್ನದ ಗಣಿಗೆ ಬೆಳ್ಳಿಯೇ?” ಎಂದರು ಮಾಷ್ಟ್ರು. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದಾಗ ನಾನು ಚಪ್ಪಾಳೆ ತಟ್ಟಿದೆ. ಮಾಷ್ಟ್ರ ತಾಯಿ ಮಾತ್ರ ಮುಖ ಗಂಟಿಕ್ಕಿದರು. ದೈವ ಕಟ್ಟುವವರು ನಟಿಸುವುದಿಲ್ಲವಂತೆ. ನಮ್ಮ ಕಡೆಯ ದೈವಾರಾಧನೆ ತೆಯ್ಯಂ ಕೂಡ ಹಾಗೆಯೇ ಎಂದು ನರ್ಸ್ ಅಕ್ಕ ಅಜ್ಜಿಯ ಪಕ್ಷ ಸೇರಿದರು.

ಇದೇ ರಿಷಬ್ ನಿರ್ದೇಶಿಸಿದ, ಕಾಸರಗೋಡಿನ ಕನ್ನಡ ಶಾಲೆಯ ಕಥೆಯ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ಗೆ 66ನೇ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರದ ಗೌರವ ಸಿಕ್ಕಿತ್ತು. ಕನ್ನಡದ ಮಕ್ಕಳ ಮುಂದೆ ಮಲಯಾಳಿ ಮೇಷ್ಟರು ಪಾಠಕ್ಕೆ ನಿಲ್ಲುವುದನ್ನು ನೋಡಿ ದುರ್ಗದಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೆನೆಂದು ಮಾಷ್ಟ್ರಿಗೆ ಹೇಳಿದೆ.

“ನಾನೂ ನಕ್ಕಿದ್ದೆ ಮಾರಾಯರೇ. ಮನೆಗೆ ಬಂದು ಮೊಮ್ಮಗಳ ಗಣಿತದ ಪುಸ್ತಕ ತೆಗೆದು ನೋಡಿದೆ” ಎಂದರು. ಪುಸ್ತಕದಲ್ಲಿ ಏನಿತ್ತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಮಲಯಾಳಂನ ‘ಆಟ್ಟಂ’ಗೆ. ಹೆಸರು ಕಿವಿಗೆ ಬಿದ್ದದ್ದೇ ತಡ, ಅಜ್ಜಿ ನೆಟ್ಟಗೆ ಕುಳಿತು “ಯಾವ ಮೇಳದ್ದು?” ಎಂದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ಆಟವೆಂದರೆ ಯಕ್ಷಗಾನ, ಬೇರೆ ಅರ್ಥವಿಲ್ಲ. ನರ್ಸ್ ಅಕ್ಕ ನಕ್ಕು ಮಲಯಾಳಂನಲ್ಲಿ ಕಥೆ ಹೇಳತೊಡಗಿದರು. ಒಂದು ನಾಟಕ ತಂಡ, ಹನ್ನೆರಡು ಗಂಡಸರು, ಒಬ್ಬಳೇ ಹೆಣ್ಣು. ಒಂದು ರಾತ್ರಿ ಅವರಲ್ಲೊಬ್ಬ ಅವಳ ಮೈ ಮುಟ್ಟುತ್ತಾನೆ.

“ಯಾರು ಅವನು?” ಅಜ್ಜಿ ತುಳುವಿನಲ್ಲಿ ಕೇಳಿದರು.

“ಅದನ್ನು ಚಿತ್ರ ನೋಡಿಯೇ ತಿಳಿಯಬೇಕು.”

ಈಗಲೇ ಹಾಕಿ ಎಂದು ಅಜ್ಜಿಯ ಹಟ. ಗಂಟೆ ಹನ್ನೊಂದು; ಬೆಳಗ್ಗೆ ನನಗೆ ಬ್ಯಾಂಕು. ಮಾಷ್ಟ್ರು ಹುಡುಕಿ ಚಿತ್ರ ಹಚ್ಚಿ, ರಿಮೋಟ್ ಹಿಡಿದು ನನ್ನ ಕಡೆ ತಿರುಗಿದರು. ಇಂಗ್ಲಿಷ್ ಉಪಶೀರ್ಷಿಕೆ ಹಾಕಬೇಕಾಗಿದ್ದದ್ದು ಆ ಕೋಣೆಯಲ್ಲಿ ನನಗೊಬ್ಬನಿಗೆ ಮಾತ್ರ.