ಹಳೇ ಗಾಡಿ ರೆಡಿ ಮಾಡಿಸೋಕೆ ಎಲ್ಲಿಂದ ಶುರು ಮಾಡ್ಲಿ?

"ನಮ್ಮಜ್ಜಂದು ಒಂದು ಹಳೇ ಗಾಡಿ ಇದೆ ಅಣ್ಣ, ರೆಡಿ ಮಾಡಿಸಬೇಕು. ಎಲ್ಲಿಂದ ಶುರು ಮಾಡ್ಲಿ?"

ದಾವಣಗೆರೆಯಲ್ಲಿ ನನ್ನ ಹಳೇ ಯೆಜ್ಡಿ ಬೈಕನ್ನು ಎಲ್ಲೇ ನಿಲ್ಲಿಸಲಿ, ಬೆಣ್ಣೆ ದೋಸೆ ತಿಂದು ಹೊರಗೆ ಬರುವಷ್ಟರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದುಕೊಂಡು ನಿಂತಿರುತ್ತಾರೆ. ನನ್ನ ಉತ್ತರ ಒಂದೇ. ಎಲ್ಲಿಂದಾದರೂ ಶುರು ಮಾಡಿ, ಪೇಂಟಿಂದ ಬೇಡ. ನಾನು ಪೇಂಟಿಂದ ಶುರು ಮಾಡಿದೆ. ಎರಡು ವರ್ಷ ಹಿಡಿಯಿತು.

ಗಾಡಿ ನಮ್ಮ ದೊಡ್ಡಪ್ಪನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1961ರಿಂದ ಜಾವಾ, 1973ರಿಂದ ಯೆಜ್ಡಿ ಅಂತ ಹೆಸರಿಟ್ಟುಕೊಂಡು ಅಲ್ಲಿಂದ ಗಾಡಿಗಳು ಬಂದವು. 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ಕರ್ ಹೊಡೆದು, ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಅದೇ ಗೇರು. ಮೆಕ್ಕೆಜೋಳದ ರೇಟು ಕೇಳಲು ದೊಡ್ಡಪ್ಪ ಮಾಯಕೊಂಡದ ಕಡೆಯಿಂದ ದಾವಣಗೆರೆಗೆ ಇದರಲ್ಲೇ ಬರುತ್ತಿದ್ದರು. ಅವರು ಹೋದ ಮೇಲೆ ಹನ್ನೊಂದು ವರ್ಷ ಕೊಟ್ಟಿಗೆ ಮೂಲೆಯಲ್ಲಿ ನಿಂತಿತ್ತು.

ತಂದ ದಿನವೇ ಪ್ಲಗ್ ಬದಲಿಸಿ, ಕಾರ್ಬುರೇಟರ್ ತೊಳೆದು ಕಿಕ್ ಹೊಡೆದೆವು. ಹತ್ತೋ ಹನ್ನೆರಡೋ ಸಲಕ್ಕೆ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ದೊಡ್ಡಮ್ಮ ಅಡುಗೆಮನೆಯಿಂದ ಓಡಿ ಬಂದರು. ಇಂಜಿನ್ ಚೆನ್ನಾಗಿದೆ ಅಂತ ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಸೀದಾ ಗಾಡಿ ಬಿಚ್ಚಿಸಿ, ಚಾಸಿಸ್ಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಪೌಡರ್ ಕೋಟಿಂಗ್, ಟ್ಯಾಂಕಿಗೆ ಕೆಂಪು ಬಣ್ಣ ಮಾಡಿಸಿದೆ.

ಮೊದಲ ಪೆಟ್ಟು ಬಿದ್ದಿದ್ದು ಆರ್‌ಟಿಒದಲ್ಲಿ. ಹದಿನೈದು ವರ್ಷ ಆದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ನಮ್ಮದು ಯಾವಾಗಲೋ ಮುಗಿದಿತ್ತು. ಆರ್‌ಸಿ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಇತ್ತು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31, ನವೀಕರಣಕ್ಕೆ ಫಾರಂ 25. ಕಾಗದ ಎಲ್ಲ ಜೋಡಿಸಿಕೊಂಡು ಹೋದೆ. ಆರ್‌ಸಿ ಜೊತೆ ತಾಳೆ ನೋಡಲು ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಏನೂ ಮೂಡಲಿಲ್ಲ. ಹ್ಯಾಂಡಲ್ ಕೆಳಗೆ ಕೊರೆದಿದ್ದ ಅಂಕಿಗಳ ತುಂಬ ಕೋಟಿಂಗ್ ಕೂತಿತ್ತು. ಗಾಡಿ ವಾಪಸ್ ತಂದೆ. ಪೇಂಟ್ ರಿಮೂವರ್ ಹಚ್ಚಿ, ಹಲ್ಲುಜ್ಜುವ ಬ್ರಷ್ಷಲ್ಲಿ ಉಜ್ಜುತ್ತಾ ಒಂದು ಭಾನುವಾರ ಇಡೀ ಕೂತಿದ್ದೆ. ಒಂದೊಂದೇ ಅಂಕಿ ಮೇಲೆ ಬಂತು. ಕೊನೆಯ ಅಂಕಿ 3ಆ 8ಆ ಅಂತ ಗೊತ್ತಾಗುವವರೆಗೆ ಊಟ ಸೇರಲಿಲ್ಲ.

ಆಮೇಲೆ ಟ್ಯಾಂಕು. ಹೊರಗೆ ಫಳಫಳ, ಒಳಗೆ ತುಕ್ಕು. ನಟ್ಟು, ವಿನೆಗರ್ ಹಾಕಿ ಅಲ್ಲಾಡಿಸಿ ತೊಳೆದ ಮೇಲೆ ಅಡಿಯಲ್ಲಿ ಸೂಜಿಮೊನೆಯಷ್ಟು ಎರಡು ತೂತು ಕಂಡವು. ಅಷ್ಟು ದಿನ ಅವನ್ನು ತುಕ್ಕೇ ಮುಚ್ಚಿಕೊಂಡಿತ್ತು. ಬೆಸುಗೆ ಹಾಕಿಸಿದಾಗ ಬಿಸಿಗೆ ಕೆಂಪು ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಟ್ಯಾಂಕ್ ಖಾಲಿ ಇದೆ ಅಂತ ಯಾರೂ ಬೆಂಕಿ ಹತ್ತಿರ ಒಯ್ಯಬೇಡಿ. ಒಳಗೆ ಉಳಿದ ಪೆಟ್ರೋಲಿನ ಆವಿಯೇ ಸಿಡಿಯುವುದು. ಗೊತ್ತಿರುವವರು ಚೆನ್ನಾಗಿ ತೊಳೆದು, ನೀರು ತುಂಬಿಸಿಕೊಂಡೇ ಕೆಲಸ ಮಾಡುತ್ತಾರೆ. ಈ ಕೆಲಸ ಮನೆಯಲ್ಲಿ ಮಾಡುವುದಲ್ಲ.

ದೊಡ್ಡ ನೋವು ಇಂಜಿನ್‌ದು. ಹೈವೇಯಲ್ಲಿ ಆನಗೋಡು ದಾಟುತ್ತಿದ್ದ ಹಾಗೆ ಸದ್ದು ಸಣ್ಣಗಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಸಿಲಿಂಡರ್ ಒಳಗೆ ಪಿಸ್ಟನ್ ಜಾಮ್. ಒಂದು ವರ್ಕ್‌ಶಾಪಿನಲ್ಲಿ ಬೋರ್ ಹೊಡೆಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, 0.25 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಹೊಸ ಪಿಸ್ಟನ್ ಪಳಗಲಿ ಅಂತ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಹಾಕಿದೆ, ಗಂಟೆಗೆ ನಲವತ್ತು ಕಿ.ಮೀ. ಮೇಲೆ ಓಡಿಸಲೇ ಇಲ್ಲ. ಮೂರು ವಾರಕ್ಕೆ ಬಾತಿ ಹತ್ತಿರ ಮತ್ತೆ ಜಾಮ್. ಅವತ್ತು ರಸ್ತೆ ಪಕ್ಕ ಕೂತು ಇದನ್ನು ಗುಜರಿಗೆ ಹಾಕೋಣ ಅಂದುಕೊಂಡಿದ್ದು ನಿಜ.

ಹರಿಹರದಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ ಅಂತ ಗೆಳೆಯ ಕರೆದುಕೊಂಡು ಹೋದ. ಪ್ರಾಯದಲ್ಲಿ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದವರು. 1941ರಲ್ಲಿ ಹರಿಹರದಲ್ಲಿ ಶುರುವಾದ, ಲೇತ್ ಮಷಿನ್ ಮಾಡುತ್ತಿದ್ದ ಆ ಕಾರ್ಖಾನೆಯ ಕೈಗಳು ನಮ್ಮ ಕಡೆ ಇನ್ನೂ ಅಲ್ಲಲ್ಲಿ ಇವೆ. ಅವರು ಸಿಲಿಂಡರ್ ಕೈಗೆ ತೆಗೆದುಕೊಂಡು ಒಳಗೆ ಉಗುರು ಆಡಿಸಿದರು. ಗೀರಿಗೆ ಉಗುರು ಸಿಕ್ಕಿಕೊಂಡಿತು. ಆದರೆ ಬೋರಿನ ಮಾತೇ ಎತ್ತಲಿಲ್ಲ.

"ಪ್ಲಗ್ ಎಲ್ಲಿ?" ಅಂದರು.

ಕೊಟ್ಟೆ. ಕಾಫಿಪುಡಿ ಬಣ್ಣಕ್ಕಿರಬೇಕಾದದ್ದು ಸುಣ್ಣದ ಹಾಗೆ ಬೆಳ್ಳಗಿತ್ತು.

"ಗಾಳಿ ಕುಡೀತಿದೆ ತಮ್ಮಾ. ಆಕ್ಸಲೇಟರ್ ಬಿಟ್ರೂ ರೇಸ್ ಇಳೀತಿರಲಿಲ್ಲ, ಅಲ್ವಾ?"

ಹೌದು, ಇಳಿಯುತ್ತಿರಲಿಲ್ಲ. ನಾನು ಅದನ್ನು ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಸುಮ್ನೆ ಅಡಗಿಸಿದ್ದೆ. ಕರೆಂಟ್ ಮಾಡುವ ಡೈನಮೋ ಬಿಚ್ಚಿ, ಅದರ ಹಿಂದೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಸುತ್ತ ಕೂರುವ ರಬ್ಬರ್ ಬಳೆ, ಆಯಿಲ್ ಸೀಲ್, ತೆಗೆದು ನನ್ನ ಅಂಗೈಗೆ ಹಾಕಿದರು. ರಬ್ಬರ್ ಒಣ ಹುಣಸೆಬೀಜದಷ್ಟು ಗಟ್ಟಿ. ಒತ್ತಿದರೆ ಚೂರಾಯಿತು. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು, ಆಯಿಲು ಎರಡೂ ಕ್ರ್ಯಾಂಕ್ ಇರುವ ಕೆಳಗಿನ ಪೆಟ್ಟಿಗೆ, ಕ್ರ್ಯಾಂಕ್ ಕೇಸ್, ದಾಟಿಯೇ ಮೇಲೆ ಹೋಗಬೇಕು. ಸೀಲ್ ಬಿಟ್ಟರೆ ಹೊರಗಿನ ಗಾಳಿ ಜಾಸ್ತಿ ಸೇರುತ್ತದೆ, ಪೆಟ್ರೋಲಿನ ಜೊತೆ ಬರುವ ಆಯಿಲೂ ಸಾಲುವುದಿಲ್ಲ, ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಬಿಟ್ಟಿದ್ದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬರುತ್ತದೆ, ಬೇಗ ಗೊತ್ತಾಗುತ್ತದೆ. ಡೈನಮೋ ಕಡೆಯದು ಹೊಗೆ ತೋರಿಸುವುದಿಲ್ಲ. ಇನ್ನೂರು ರೂಪಾಯಿ ಕೂಡ ಬಾಳದ ಸೀಲ್ ನೋಡದೆ ಎರಡು ಪಿಸ್ಟನ್ ಕಳೆದಿದ್ದೆ. ಎರಡೂ ಕಡೆ ಹೊಸ ಸೀಲ್ ಹಾಕಿ, 0.50 ಪಿಸ್ಟನ್ ಮೊದಲು ತರಿಸಿ, ಅದನ್ನು ಅಳೆದ ಮೇಲೆಯೇ ಅವರು ಬೋರ್ ಹೊಡೆದರು. ಆಮೇಲೆ ಇವತ್ತಿನವರೆಗೂ ಗಾಡಿ ನಿಂತಿಲ್ಲ.

ಮಾಡಿಫೈ ಬಗ್ಗೆಯೂ ಕೇಳುತ್ತಾರೆ. ನಾನೂ ಅಗಲ ಹ್ಯಾಂಡಲ್ ಹಾಕಿಸಿದ್ದೆ. ತಿರುಗಿಸಿದಾಗ ಕೇಬಲ್ ಸಾಲದೆ ಆಕ್ಸಲೇಟರ್ ತಾನೇ ಎಳೆಯುತ್ತಿತ್ತು. ಸೈಲೆನ್ಸರ್ ಒಳಗಿನ ಜಾಲರಿ ತೆಗೆಸಿದೆ. ಸದ್ದು ಬಂತು, ಎಳೆತ ಹೋಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೂ ಇಂಥದ್ದು ಒಪ್ಪುವುದಿಲ್ಲ. ಎರಡನ್ನೂ ಮೊದಲಿನ ಹಾಗೆ ಮಾಡಿಸಿದೆ. ಸೀಟಿಗೆ ಹೊಸ ಸ್ಪಂಜು ಹಾಕಿಸಿದ್ದು ಮಾತ್ರ ಉಳಿದಿದೆ, ದೊಡ್ಡಮ್ಮ ಹಿಂದೆ ಕೂರುತ್ತಾರಲ್ಲ.

ಹೋದ ವಾರ ಹದಡಿ ರಸ್ತೆಯ ಹುಡುಗನೊಬ್ಬ ಇದೇ ಪ್ರಶ್ನೆ ತಂದ. ಅವನ ಅಜ್ಜನದೂ ಯೆಜ್ಡಿಯೇ. ಪೇಂಟ್ ಅಂಗಡಿಗೆ ಅಡ್ವಾನ್ಸ್ ಕೊಡುವವನಿದ್ದ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಕಳಿಸಿದೆ. ಸಂಜೆ ನಂಬರ್ ಉಜ್ಜಿಕೊಂಡು ಬಂದಿದ್ದ, ಆರ್‌ಸಿ ಜೊತೆ ಇಟ್ಟು ನೋಡಿದೆವು. ಎಲ್ಲ ಅಂಕಿಯೂ ಸರಿಯಾಗಿತ್ತು. ಈ ಭಾನುವಾರ ಅವನ ಗಾಡಿಯ ಡೈನಮೋ ಬಿಚ್ಚುತ್ತೇವೆ.